ನೂರಾ ಹದಿನೇಳನೇ ಬೂತಿನ ಬಣ್ಣ

ನವೆಂಬರ್ 17, 2025. ಸೋಮವಾರ, ಬೆಳಗ್ಗೆ 10-40

ಮತ್ತೆ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಇನ್ನು ಅರ್ಧ ಗಂಟೆ. ಅಷ್ಟರಲ್ಲಿ ರಾಜೇಶ್ವರ ಕಡೆಯ ಹಳ್ಳಿಗಳನ್ನಾದರೂ ಮುಗಿಸಬೇಕು. ಹುಮನಾಬಾದ ಪೇಟೆ ಆಯಿತು, ಮಾಣಿಕನಗರ ಆಯಿತು. ಬಸವಕಲ್ಯಾಣದ ಊರೊಳಗಿನದೂ ಆಯಿತು. ಹುಲಸೂರ ಕಡೆ ಇನ್ನೂ ಕೈ ಹಚ್ಚಿಲ್ಲ.

ಕೆಲಸ ಇಷ್ಟೇ. 2018ರಲ್ಲಿ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ವೋಟು, 2023ರಲ್ಲಿ ಎಷ್ಟು. ವ್ಯತ್ಯಾಸ ತೆಗೆದು ನಕ್ಷೆಗೆ ಬಣ್ಣ ಹಚ್ಚಬೇಕು. ಶಂಕರಲಿಂಗ ಮಾಲಕರ ಪಾರ್ಟಿ ಕಡೆ ಹೊರಳಿದ ಬೂತ್ ನೇರಳೆ, ಬಿಟ್ಟು ಹೋದದ್ದು ಹಳದಿ. ಹೊರಳು ಹೆಚ್ಚಾದಷ್ಟು ಬಣ್ಣ ದಟ್ಟ. ಮಾಲಕರು ಇಡೀ ಭಾಗಕ್ಕೆ ದೊಡ್ಡವರು, ಮುಂದೆ ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಇದೆಯಂತೆ, ಅದಕ್ಕೆ ಈಗಲೇ ತಯಾರಿ. ನಮ್ಮ ಅಂಬರೀಷ ಸರ್ ಅವರ ಸರ್ವೆ ಆಫೀಸಿಗೆ ಇದೇ ಮೊದಲ ದೊಡ್ಡ ಕೆಲಸ.

ಭೂಗೋಳದಲ್ಲಿ ಎಂ.ಎ. ಮಾಡಿದ್ದು ಇದಕ್ಕಾದರೂ ಉಪಯೋಗಕ್ಕೆ ಬಂತು. ಈ ವರ್ಷ ಗೆಸ್ಟ್ ಲೆಕ್ಚರರ್ ಕೆಲಸ ಸಿಗಲಿಲ್ಲ. ಹಾಗಂತ ಕೂತು ಅಳುವವಳಲ್ಲ ನಾನು.

ನವೆಂಬರ್ 19, ಬುಧವಾರ

ಇಡೀ ನಕ್ಷೆಯಲ್ಲಿ ಎಲ್ಲಕ್ಕಿಂತ ದಟ್ಟ ಹಳದಿ ಎಲ್ಲಿ ಬಂತು? ಮುಗನಾಳವಾಡಿಯಲ್ಲಿ. ನನ್ನ ಊರಿನಲ್ಲೇ.

ಬೂತ್ 117, ಸರಕಾರಿ ಶಾಲೆ. 2018ರಲ್ಲಿ ಮಾಲಕರ ಪಾರ್ಟಿಗೆ ನೂರಕ್ಕೆ ಅರವತ್ತೊಂದು. 2023ರಲ್ಲಿ ಹದಿನಾಲ್ಕು. ನಲವತ್ತೇಳು ಕಳೆದುಹೋಗಿದೆ. ಮೂರು ಸಲ ತಾಳೆ ನೋಡಿದೆ, ಲೆಕ್ಕ ಸರಿಯಿದೆ. ಅದೇ ಶಾಲೆಯ 118 ಹೊಸ ಬೂತ್. ಹೋಲಿಸಲು ಹಳೆಯ ಅಂಕಿ ಇಲ್ಲ ಎಂದು ಅದಕ್ಕೆ ಬೂದು ಬಣ್ಣ ಕೊಟ್ಟೆ.

ವೈನಿಗೆ ಫೋನ್ ಮಾಡಿದೆ. ಅಣ್ಣನ ಹೆಂಡತಿ ದ್ರೌಪತಿ ವೈನಿ ನಮ್ಮ ಊರಿನ ಅಂಗನವಾಡಿ ಟೀಚರ್, ಮೇಲೆ ಬಿ.ಎಲ್.ಒ. — ಮತದಾರರ ಪಟ್ಟಿಯ ಕೆಲಸವೂ ಆಕೆಯದೇ. ಅಣ್ಣ ತೀರಿಹೋದ ಮೇಲೆ ಇಬ್ಬರು ಹೆಣ್ಣು ಮಕ್ಕಳನ್ನು ಆ ಒಂದು ಕೆಲಸದ ಮೇಲೆ ಸಾಕುತ್ತಿದ್ದಾಳೆ.

"117 ಯಾವ ಕಡಿದು ವೈನಿ?"

"ನಮ್ಮ ಓಣಿದೇ. ಭೀಮನಗರದ್ದು. ನಂದೇ ಬೂತ್ ಅದು, ಯಾಕ?"

"ಸುಮ್ಮನ. ನಕ್ಷಾ ಮಾಡಾಕತ್ತೇನಿ."

"ಉಂಡಿ ಏನ್? ದನಿ ಸಣ್ಣದಾಗ್ಯಾದ ನಿಂದು."

ಉಂಡಿರಲಿಲ್ಲ. ಉಂಡೆ ಅಂದೆ.

ಅಂತೂ ನಮ್ಮ ಓಣಿ ಹೊರಳಿಬಿಟ್ಟಿದೆ! ನನಗೇ ನಂಬಿಕೆಯಾಗಲಿಲ್ಲ. ಸಣ್ಣವಳಿದ್ದಾಗ ನೋಡಿದ್ದು ನೆನಪಿದೆ — ಮಾಲಕರ ಜೀಪು ಬಂದರೆ ಓಣಿಯವರೆಲ್ಲ ಕೈಮುಗಿದು "ನಿಮ್ಮವರೇ ಅದೀವ್ರಿ" ಅನ್ನುತ್ತಿದ್ದರು. 2018ರಲ್ಲಿ ನಾನು ಕಲಬುರಗಿ ಹಾಸ್ಟೆಲಿನಲ್ಲಿದ್ದೆ, ಪರೀಕ್ಷೆ ಅಂತ ಬರಲಿಲ್ಲ. ಆಮೇಲೆ ವೋಟು ಈಗ ಬಾಡಿಗೆಗಿರುವ ಮಾಣಿಕನಗರಕ್ಕೆ ಬದಲಾಯಿಸಿಕೊಂಡೆ. ಊರಿನಲ್ಲಿ ಒಂದು ಸಲವೂ ವೋಟು ಹಾಕಿದವಳಲ್ಲ.

ನಕ್ಷೆಯ ಜೊತೆ ಪ್ರತಿ ಬೂತಿಗೂ "ಸ್ಥಳೀಯ ಕಾರಣ" ಅಂತ ಒಂದು ಕಾಲಂ ಇದೆ. 117ರ ಮುಂದೆ ಬರೆದೆ: "ಭೀಮನಗರ ಓಣಿ. ಇಲ್ಲಿನ ಬಿ.ಎಲ್.ಒ. ಬಹಳ ಚುರುಕು. ಒಂದು ಮನೆಯನ್ನೂ ಬಿಡುವುದಿಲ್ಲ." ಬರೆದು ಖುಷಿಯಾಯಿತು. ವೈನಿಯ ಬಗ್ಗೆ ಯಾರು ಎಲ್ಲಿ ಬರೆಯುತ್ತಾರೆ? ನಾನಾದರೂ ಬರೆದೆ.

ನವೆಂಬರ್ 25, ಮಂಗಳವಾರ, ಸಂಜೆ

ಬಸವಕಲ್ಯಾಣದಲ್ಲಿ ಮಾಲಕರ ಮನೆ. ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ನಕ್ಷೆ ಬಿಟ್ಟು ತೋರಿಸಿದೆವು. ಬಿಳಿ ಧೋತರ, ಮೆಲು ಮಾತಿನ ಮನುಷ್ಯ. ಎದ್ದು ಬಂದು ದಟ್ಟ ಹಳದಿಯ ಮೇಲೆ ಬೆರಳಿಟ್ಟರು.

"ಇದು ಯಾವ್ದು?"

ಅಂಬರೀಷ ಸರ್ ಓದಿ ಹೇಳಿದರು. ಓಣಿಯ ಹೆಸರು, ನನ್ನ ಕಾಲಂ, ಎಲ್ಲ.

"ಇಷ್ಟ ವರ್ಷ ನಮ್ಮವರೇ ಇದ್ರಲ್ಲ ಇವರು," ಅಂದರು ಮಾಲಕರು. ಬೆರಳು ತೆಗೆಯಲಿಲ್ಲ. "ಛಲೋ ಕೆಲಸ ಮಾಡೀರಿ. ಯಾರು ಮಾಡಿದ್ರು ಇದನ್ನ?"

"ನಮ್ಮ ಪೂನಂ ಮೇಡಂ ರಿ."

ನಾನು ನಕ್ಕೆ. ಬಸ್ಸಿನಲ್ಲಿ ಬರುವಾಗ ಆ ನಗು ನೆನಪಾಗಿ ಯಾಕೋ ಒಂದು ಸ್ಟಾಪ್ ಮೊದಲೇ ಇಳಿದು ನಡೆದುಬಂದೆ. ಸೀಟು ಸಿಕ್ಕಿರಲಿಲ್ಲ, ಅದಕ್ಕಿರಬಹುದು.

ಡಿಸೆಂಬರ್ 2, ಮಂಗಳವಾರ

ವೈನಿಯ ಫೋನ್. ಓಣಿಗೆ ನೀರಿನ ಪೈಪ್‌ಲೈನ್ ಅಂತ ಬುದ್ಧ ವಿಹಾರದ ಮುಂದೆ ಇಳಿಸಿದ್ದ ಪೈಪುಗಳನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ವಾಪಸ್ ಒಯ್ದರಂತೆ. ತೊಗರಿ ಕಟಾವಿಗೆ ಹೋದ ಹೆಣ್ಣುಮಕ್ಕಳನ್ನು ಮಾಲಕರ ಹೊಲದಿಂದ ತಿರುಗಿ ಕಳಿಸಿದರಂತೆ.

"ಏನಾಗ್ಯಾದೋ ಗೊತ್ತಿಲ್ಲವ್ವ. ಯಾರೂ ಏನೂ ಹೇಳವಲ್ಲರು."

ನನಗೆ ಗೊತ್ತಿತ್ತು. ಹೇಳಲಿಲ್ಲ. ಫೋನ್ ಇಟ್ಟು ಪಾತ್ರೆ ತೊಳೆದೆ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಡಿಸೆಂಬರ್ 4, ಗುರುವಾರ

ವೈನಿಗೆ ನೋಟಿಸ್ ಬಂದಿದೆ. ಬಿ.ಎಲ್.ಒ. ಇದ್ದುಕೊಂಡು 2023ರಲ್ಲಿ ಒಂದು ಪಾರ್ಟಿ ಪರ ಪ್ರಚಾರ ಮಾಡಿದ್ದಾಳೆ ಅಂತ ದೂರು. ಬಸವಕಲ್ಯಾಣದಲ್ಲಿ 22ಕ್ಕೆ ವಿಚಾರಣೆ. ತಪ್ಪು ಅಂತಾದರೆ ಅಂಗನವಾಡಿ ಕೆಲಸವೂ ಹೋಗುತ್ತದೆ.

ನೋಟಿಸಿನ ಫೋಟೋ ವಾಟ್ಸಪ್ಪಿನಲ್ಲಿ ಕಳಿಸಿದ್ದಾಳೆ, ಓದಿ ಹೇಳು ಅಂತ. ಮೂರನೇ ಸಾಲು: "ಸದರಿ ಬಿ.ಎಲ್.ಒ. ಒಂದು ಮನೆಯನ್ನೂ ಬಿಡದೆ..."

ನನ್ನದೇ ವಾಕ್ಯ. ಥೂ ನನ್ನ ಜನ್ಮಕ್ಕೆ.

ಡಿಸೆಂಬರ್ 6, ಶನಿವಾರ. ಮುಗನಾಳವಾಡಿ

ಬಾಬಾಸಾಹೇಬರ ಪರಿನಿರ್ವಾಣ ದಿನ. ಪ್ರತಿ ವರ್ಷ ಈ ದಿನ ಊರಿಗೆ ಬರುತ್ತೇನೆ. ವಿಹಾರದಲ್ಲಿ ಬಿಳಿ ಸೀರೆ, ಮೇಣದಬತ್ತಿ, ವಂದನೆ. ಮುಂದಿನ ಸಾಲಿನಲ್ಲಿ ವೈನಿ ಕಣ್ಣು ಮುಚ್ಚಿ ಕೂತಿದ್ದಳು. ಆಕೆಯ ಬೆನ್ನು ನೋಡುತ್ತ ಕೂತೆ.

ಮಧ್ಯಾಹ್ನ ಅಡುಗೆಮನೆಯಲ್ಲಿ ಎಲ್ಲ ಹೇಳಿಬಿಟ್ಟೆ. ನಕ್ಷೆ, ಹಳದಿ, ಕಾಲಂ. ಬೈಯುತ್ತಾಳೆ ಅಂದುಕೊಂಡಿದ್ದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬೇರೆಯದೇ ಕೇಳಿದಳು.

"ಅರವತ್ತೊಂದು ಅಂದಿಯಲ್ಲ, ಅದು ಎಲ್ಲಿದು?"

"117ರದ್ದೇ. 2018ರದು."

"ಹುಚ್ಚಿ. ಆಗ ಪೂರಾ ಊರಿಗೆ ಒಂದೇ ಬೂತ್ ಇತ್ತು. ಮಂದಿ ಜಾಸ್ತಿ ಆದ್ರು ಅಂತ ಆಮ್ಯಾಲ ಎರಡು ಮಾಡ್ಯಾರ. ಸಾಲ್ಯಾಗ ಮೂಡಲ ಖೋಲಿ ನಮ್ಮ ಓಣಿಗೆ, 117. ಪಡುವಲ ಖೋಲಿ ಊರಿಗೆ, 118."

ಅಲ್ಲೇ ನೆಲದ ಮೇಲೆ ಕೂತು ಮೊಬೈಲಿನಲ್ಲಿ ಕೂಡಿಸಿದೆ. 117ರಲ್ಲಿ ಬಿದ್ದ ವೋಟು 230, ಮಾಲಕರಿಗೆ 32. 118ರಲ್ಲಿ 640, ಮಾಲಕರಿಗೆ 499. ಕೂಡಿಸಿದರೆ 870ಕ್ಕೆ 531. ನೂರಕ್ಕೆ ಅರವತ್ತೊಂದು.

ಊರು ಒಂದು ಕೂದಲೆಳೆಯಷ್ಟೂ ಹೊರಳಿಲ್ಲ. ಇಡೀ ಊರಿನ ವೋಟನ್ನು ಒಂದು ಓಣಿಯ ವೋಟಿನ ಜೊತೆ ಹೋಲಿಸಿದ್ದೇನೆ. ಊರಿನವಳೇ ಆಗಿ ಇಂಥ ತಪ್ಪು.

"ಹಂಗಾದ್ರ ನಮ್ಮ ಓಣಿ ಮೊದಲೂ..."

"ಮೊದಲಿಂದ," ಅಂದಳು ವೈನಿ. ರೊಟ್ಟಿ ತಿರುವಿ ಹಾಕಿದಳು. "ಎಲೆಕ್ಷನ್ ಹಿಂದಿನ ಸಂಜಿ ವಿಹಾರದಾಗ ಕೂಡ್ತಾರ. ಯಾರಿಗೆ ಅಂತ ಎಲ್ಲಾರೂ ಕೂಡಿ ಮಾತಾಡಿ ಮುಗಸ್ತಾರ. ನಾ ಬಿ.ಎಲ್.ಒ. ಆದಮ್ಯಾಲ ಆ ಕಡಿ ಹಾಯ್ದಿಲ್ಲ. ಮಾಲಕರಿಗೆ ಎಲ್ಲಾರೂ ಹೌದ್ರಿ ಅಂತಾರ. ಹೌದು ಅನ್ನೋದು ಹೊಟ್ಟಿಗೆ, ವೋಟು ನಮಗ."

ಇಷ್ಟು ವರ್ಷ ಊರಿನ ಪೆಟ್ಟಿಗೆಯಲ್ಲಿ ಕಲೆತು ಹೋಗುತ್ತಿತ್ತು. ಬೇರೆ ಬೂತಾದ ಮೇಲೂ ಯಾರೂ ಆ ಅಂಕಿ ತೆಗೆದು ನೋಡಿರಲಿಲ್ಲ. ನಾನು ತೆಗೆದೆ, ಬಣ್ಣ ಹಚ್ಚಿದೆ, ಓಣಿಯ ಹೆಸರು ಬರೆದೆ.

ಡಿಸೆಂಬರ್ 9, ಮಂಗಳವಾರ

ಸರಿಯಾದ ನಕ್ಷೆ ಮಾಡಿದೆ. ಮುಗನಾಳವಾಡಿ ಈಗ ಬಣ್ಣವೇ ಇಲ್ಲದೆ ಬಿಳಿ. ಜೊತೆಗೆ ಒಂದು ಪುಟ ತಿದ್ದುಪಡಿ ಪತ್ರ, ನನ್ನ ಸಹಿ. ಅಂಬರೀಷ ಸರ್ ಅದನ್ನು ಎರಡು ಸಲ ಓದಿದರು.

"ಮೇಡಂ, ಇದನ್ನ ಕೊಟ್ರ ನಿಮ್ಮ ವೈನಿ ಪಾರಾಗ್ತಾರ. ಖರೇ. ಆದ್ರ ಮಾಲಕರು ಏನ್ ತಿಳ್ಕೋತಾರ ನೋಡ್ರಿ. ಈಗ ಒಬ್ಬ ಹೆಣ್ಮಗಳು ನಮ್ಮ ಮಂದಿನ ಕೆಡಿಸ್ಯಾಳ ಅಂತ ಸಿಟ್ಟು. ಆಕಿನ್ನ ತೆಗೆದ್ರ ಮುಗೀತು ಅನ್ನಾಕತ್ತಾರ. ಇದು ಓದಿದ್ರ? ಇಪ್ಪತ್ತು ವರ್ಷ ಪೂರಾ ಓಣಿ ನನಗ ಟೋಪಿ ಹಾಕ್ಯಾದ ಅಂತ ಗೊತ್ತಾಗ್ತದ."

ಕೆಟ್ಟ ಮನುಷ್ಯನಲ್ಲ ಅಂಬರೀಷ ಸರ್. ಕೆಟ್ಟವರಾಗಿದ್ದರೆ ಬೈದು ಎದ್ದು ಬರಬಹುದಿತ್ತು. ಪತ್ರ ವಾಪಸ್ ನನ್ನ ಕೈಗೇ ಕೊಟ್ಟರು. ಕೊಡುವುದು ಬಿಡುವುದು ನಿಮಗೆ ಸೇರಿದ್ದು ಅಂದರು.

ವೈನಿಯೋ, ಓಣಿಯೋ. ನಾನು ಯಾರು ಇದನ್ನು ತೀರ್ಮಾನಿಸಲು?

ಡಿಸೆಂಬರ್ 14, ಭಾನುವಾರ, ಸಂಜೆ 6. ಮುಗನಾಳವಾಡಿ

ವಿಹಾರದಲ್ಲಿ ಎಲ್ಲರೂ ಕೂಡಿದರು. ಮನೆಗೊಬ್ಬರು. ದಿಗಂಬರ ಕಾಕಾ ಓಣಿಗೆ ಹಿರಿಯರು, ಮಾತು ಶುರು ಮಾಡಿದ್ದು ಅವರೇ. ಪತ್ರ ಓದು ಅಂದರು. ಓದಿದೆ. ನನ್ನ ತಪ್ಪು ನಾನೇ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಸಖುಬಾಯಿ ಆಯಿ ಎದ್ದು ನಿಂತಳು. ಎಂಬತ್ತು ದಾಟಿದೆ.

"ಕೊಟ್ಟುಬಿಡ್ರಿ ಅದನ್ನ. ದ್ರೌಪತಿ ತಪ್ಪು ಏನದಾ? ನಾವು ಹೊಳ್ಳಿಲ್ಲ, ಮೊದಲಿಂದ ಹಿಂಗೇ ಅದೀವಿ ಅಂತ ಆ ಮಾಲಕನಿಗೂ ಗೊತ್ತಾಗಲಿ."

"ಆಯಿ, ನಾಳಿಗಿ ಹೊಲಕ್ಕ ಯಾರ ಕರೀತಾರ?" ಅಂದಳು ಹಿಂದಿನಿಂದ ಒಬ್ಬಳು. "ನನ್ನ ಮನ್ಯಾಗ ಐದು ಬಾಯಿ ಅವ."

ಆಮೇಲೆ ಮಾತಿಗೆ ಮಾತು ಬೆಳೆಯಿತು. ಕಡೆಗೆ ಕಾಕಾ ಕೈ ಎತ್ತಿಸೋಣ ಅಂದರು. "ಪೂನಂ, ನೀ ಎಣಿಸು. ನಿನಗ ರೂಢಿ ಅದಾ."

ಪತ್ರ ಕೊಡಬೇಕು: ಹದಿನಾಲ್ಕು ಕೈ. ಬೇಡ: ಇಪ್ಪತ್ತಮೂರು. ಬೇಡ ಅಂದವರಲ್ಲಿ ಎಲ್ಲರಿಗಿಂತ ಮೊದಲು ಎತ್ತಿದ ಕೈ ವೈನಿಯದು.

ನಾನೂ ಎತ್ತಲು ಹೋದೆ, ಕೊಡಬೇಕು ಅನ್ನುವ ಕಡೆ. ಕಾಕಾ ಮೆಲ್ಲಗೆ ತಲೆ ಅಲ್ಲಾಡಿಸಿದರು.

"ನಿನ್ನ ಹೆಸರು ಇಲ್ಲಿ ಲಿಸ್ಟಿನಾಗ ಇಲ್ಲವ್ವ."

ಕೈ ಇಳಿಸಿದೆ. ಎಣಿಕೆ ಎರಡು ಸಲ ಓದಿ ಹೇಳಿದೆ. ಸಖುಬಾಯಿ ಆಯಿ ಎದ್ದು ಮನೆಗೆ ಹೋದಳು.

ಡಿಸೆಂಬರ್ 15

ಆಫೀಸಿಗೆ ಹೋಗಲಿಲ್ಲ.

ಡಿಸೆಂಬರ್ 22, ಸೋಮವಾರ. ಬಸವಕಲ್ಯಾಣ, ಬಸ್‌ಸ್ಟ್ಯಾಂಡ್, ಮಧ್ಯಾಹ್ನ 2-15

ಮುಗಿಯಿತು. ವಿಚಾರಣೆ ಹತ್ತು ನಿಮಿಷವೂ ಹಿಡಿಯಲಿಲ್ಲ.

ಸಾಹೇಬರು ಕೇಳಿದರು, "ಪ್ರಚಾರ ಮಾಡಿದ್ದು ನಿಜವೇನ್ರಿ?" ವೈನಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ರಿಜಿಸ್ಟರ್ ಎದೆಗವಚಿಕೊಂಡು ನಿಂತಿದ್ದಳು. "ಹೌದ್ರಿ. ನಾನೇ ಹೇಳಿದ್ದು ಎಲ್ಲಾರಿಗೂ. ಅವರದೇನೂ ತಪ್ಪಿಲ್ಲರಿ." ಬರೆದುಕೊಂಡರು, ಓದಿ ಹೇಳಿದರು, ಸಹಿ ಹಾಕಿಸಿಕೊಂಡರು. ಬಿ.ಎಲ್.ಒ. ಕೆಲಸ ಇವತ್ತೇ ಹೋಯಿತು. ಅಂಗನವಾಡಿಯಿಂದ ಅಮಾನತು, ಆದೇಶ ಬರುತ್ತದಂತೆ.

ತಿದ್ದುಪಡಿ ಪತ್ರ ನನ್ನ ಬ್ಯಾಗಿನಲ್ಲೇ ಇತ್ತು. ಎರಡು ಸಲ ಜಿಪ್ ತೆಗೆದೆ. ಎರಡನೇ ಸಲ ವೈನಿ ತಿರುಗಿ ನೋಡಿದಳು, ಅಷ್ಟೇ. ಜಿಪ್ ಹಾಕಿದೆ. ಹೇಡಿತನವೋ, ಇಪ್ಪತ್ತಮೂರು ಕೈಗಳ ಮಾತಿಗೆ ಮರ್ಯಾದೆಯೋ, ನನಗೇ ತಿಳಿಯುತ್ತಿಲ್ಲ. ಅಳು ಬರುತ್ತಿದೆ, ಎದುರಿಗೆ ವೈನಿ ಶೇಂಗಾ ಸುಲಿದು ಕೊಡುತ್ತಿದ್ದಾಳೆ.

"ತಿನ್ನು. ಮುಖ ನೋಡು ಹ್ಯಾಂಗ ಮಾಡ್ಕೊಂಡಿ."

ರಾಜೇಶ್ವರದ ಬಸ್ಸು ಬಂತು. ಹತ್ತುವಾಗ ವೈನಿ ತನ್ನ ಬ್ಯಾಗಿನಿಂದ ಒಂದು ಕವರ್ ತೆಗೆದು ನನ್ನ ಕೈಗಿಟ್ಟಳು. ಮನೆಗೆ ಹೋಗಿ ತೆಗಿ ಅಂದಳು.

ಡಿಸೆಂಬರ್ 27, ಶನಿವಾರ

ಊರಿಗೆ ಪೈಪುಗಳು ವಾಪಸ್ ಬಂದಿವೆಯಂತೆ. ತೊಗರಿ ಕಟಾವಿಗೆ ಕರೆದಿದ್ದಾರೆ. ಮೊದಲ ದಿನವೇ ಹೋದವರಲ್ಲಿ ವೈನಿಯೂ ಒಬ್ಬಳು, ಕುಡಗೋಲು ಹಿಡಿದು.

ಅಂಬರೀಷ ಸರ್ ಮೂರು ಸಲ ಫೋನ್ ಮಾಡಿದರು. ಹುಲಸೂರ ಕಡೆಯ ಬೂತುಗಳು ಉಳಿದಿವೆ. ಎತ್ತಲಿಲ್ಲ.

ಡಿಸೆಂಬರ್ 28, ಭಾನುವಾರ, ಬೆಳಗ್ಗೆ

ಆರು ದಿನ ಕವರ್ ತೆಗೆಯಲು ಧೈರ್ಯ ಬಂದಿರಲಿಲ್ಲ. ಇವತ್ತು ತೆಗೆದೆ.

ವಿಳಾಸ ಬದಲಾವಣೆಯ ಅರ್ಜಿ. ಮತದಾರರ ಪಟ್ಟಿಯದು. ವೈನಿಯ ದುಂಡು ಅಕ್ಷರ. ಹೆಸರು: ಪೂನಂ. ಊರು: ಮುಗನಾಳವಾಡಿ. ಭಾಗ: 117. ಕೆಳಗಿನ ರಸೀದಿಯಲ್ಲಿ ಬಿ.ಎಲ್.ಒ. ಸಹಿ ಆಗಲೇ ಬಿದ್ದಿದೆ. ದ್ರೌಪತಿ, ಡಿಸೆಂಬರ್ 21. ಮರುದಿನ ಆ ಸಹಿಗೆ ಬೆಲೆ ಇರುವುದಿಲ್ಲ ಅಂತ ಆಕೆಗೆ ಗೊತ್ತಿತ್ತು.

ಪಿನ್ ಮಾಡಿದ ಚೀಟಿಯಲ್ಲಿ ಎರಡು ಸಾಲು: "ಬಂದು ಇಲ್ಲಿ ಇರುವುದಾದರೆ ಮಾತ್ರ ಸಹಿ ಮಾಡು. ಸುಳ್ಳು ವಿಳಾಸ ನಾನು ಇಲ್ಲೀತನಕ ಒಂದೂ ಬರೆದಿಲ್ಲ."

ಮೇಜಿನ ಮೇಲೆ ಮಾಣಿಕನಗರದ ಬಾಡಿಗೆ ಮನೆಯ ಬೀಗದ ಕೈ. ಅದರ ಪಕ್ಕ ಈ ಅರ್ಜಿ. ಎಲ್ಲ ತುಂಬಿದೆ, ನನ್ನ ಸಹಿಯ ಜಾಗ ಒಂದೇ ಖಾಲಿ. ಓನರಿಗೆ ಹೇಳಬೇಕು, ಪುಸ್ತಕ ಕಟ್ಟಬೇಕು, ಅಂಬರೀಷ ಸರ್‌ಗೆ ಹೇಳಬೇಕು. ಅದೆಲ್ಲ ಆಮೇಲೆ. ಮೊದಲು ಪೆನ್ನು ಈ ಡೈರಿಯಿಂದ ಎತ್ತಿ ಅಲ್ಲಿ ಸಹಿ.