ಮುಕ್ಕಾಲು ಅಂಕದ ಮಾತಲ್ಲ

ಜೂನ್ 9, ಮಂಗಳವಾರ

ಮದುವೆಯಾಗಿ ಇಪ್ಪತ್ತಮೂರು ದಿನವಾದರೂ ಇವರ ಹೆಜ್ಜೆ ಸದ್ದಿಗೇ ಹಿಗ್ಗಿ ಹೀರೇಕಾಯಿಯಾಗುತ್ತೇನೆ. ಇವತ್ತು ಮಾತ್ರ ಊಟವೂ ಸೇರಲಿಲ್ಲ.

ಆನ್‌ಲೈನ್ ಗಣಿತ ಪರೀಕ್ಷೆಯಲ್ಲಿ ನಾದಿನಿ ಒಂದೇ ಅಂಕದಿಂದ ಫೇಲಾಗಿದ್ದಾಳೆ. ಅವಳು ಬರೆದದ್ದು 3/4. ಕಂಪ್ಯೂಟರ್ ಒಪ್ಪಿದ್ದು 0.75 ಮಾತ್ರ. ಪರೀಕ್ಷಾ ಕಚೇರಿಯ ಕೆಲಸದಲ್ಲಿ ಕಂಪ್ಯೂಟರಿಗೆ ಆ ಸರಿ ಉತ್ತರಗಳ ಪಟ್ಟಿ ತುಂಬಿದವಳು ನಾನೇ. ದಶಮಾಂಶದಲ್ಲಿ ಬರೆಯಿರಿ ಎಂದು ಪ್ರಶ್ನೆಯಲ್ಲಿ ಹೇಳಲು ಮರೆತಿದ್ದೆ.

"ಅತ್ತಿಗೆ, ಮುಕ್ಕಾಲು ಯಾವಾಗ್ಲೂ ಮುಕ್ಕಾಲೇ ಅಲ್ವಾ? ಆ ಮಷೀನ್‌ನ ಮೊದ್ಲು ಟ್ಯೂಷನ್‌ಗೆ ಹಾಕ್ಬೇಕು," ಎಂದು ನಗುತ್ತಲೇ ಅತ್ತಳು. ಆ ಪಟ್ಟಿ ನನ್ನದೇ ಎಂದು ಅವಳಿಗೆ ಗೊತ್ತಿಲ್ಲ.

ಈಗ ತಿದ್ದಿಸಿದರೆ ನಾದಿನಿಗೋಸ್ಕರ ಎಂದು ಆಫೀಸಿನಲ್ಲಿ ಆಡಿಕೊಳ್ಳುತ್ತಾರೆ. ಸುಮ್ಮನಿದ್ದರೆ 3/4 ಬರೆದ ಇನ್ನೂರು ಮಕ್ಕಳ ಗತಿ? ಅವರಿಗೆ ಪರೀಕ್ಷಾ ಕಚೇರಿಯಲ್ಲಿ ಅತ್ತಿಗೆಯಿಲ್ಲ.

ತಪ್ಪೊಪ್ಪಿಗೆಯ ಪತ್ರ ಬರೆದಿಟ್ಟಿದ್ದೇನೆ. ಕಳಿಸುವ ಮೊದಲು ಅವಳಿಗೆ ನಾನೇ ಹೇಳಬೇಕು. ಪಕ್ಕದ ಕೋಣೆಯ ದೀಪ ಇನ್ನೂ ಆರಿಲ್ಲ. ಈಗಲೇ ಹೋಗಿ ಹೇಳಿಬಿಡುತ್ತೇನೆ.