ತಟ್ಟೆ ಆರಿಸುವ ಕೆಲಸ

ಪುರಸೈವಾಕ್ಕಂ
ಭಾನುವಾರ ಮಧ್ಯಾಹ್ನ, 11 ಫೆಬ್ರವರಿ 2007

ಅಪ್ಪಾ,

ಇಲ್ಲ, ನಾನು ಎಲ್ಲೂ ಎಂಜಲು ತಟ್ಟೆ ಎತ್ತುತ್ತಿಲ್ಲ. ಎತ್ತಿದ್ದರೂ ತಪ್ಪೇನು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಎಗ್ಮೋರಿನ ನಿಮ್ಮ ಆಫೀಸಿನಲ್ಲಿ ಕಾಫಿ ಕುಡಿದ ಲೋಟ ತಾನಾಗಿಯೇ ನಡೆದುಹೋಗಿ ತೊಳೆದುಕೊಳ್ಳುತ್ತದಾ? ಅದು ಬಿಡಿ. ಮಾಡದ ಕೆಲಸಕ್ಕೆ ನೀವು ನನ್ನನ್ನು ಊಟದ ಸಾಲಿನಿಂದ ಎಬ್ಬಿಸಿದಿರಿ. "ಆ ಕೆಲಸಕ್ಕೆ ಹೋಗೋನು ನನ್ನ ಪಕ್ಕ ಕೂಡಬೇಡ" ಅಂದಿರಿ. ನನ್ನ ಸಿಟ್ಟು ಅದಕ್ಕೆ.

ಬಾಯಲ್ಲಿ ಹೇಳೋಣ ಅಂದರೆ ಪೇಪರ್ ಮುಖಕ್ಕೆ ಅಡ್ಡ ಹಿಡಿಯುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಸಹಿಸಿಕೊಳ್ಳಿ. ನಾನು ಒಂಬತ್ತನೆಯ ಕ್ಲಾಸಿಗೇ ಬಿಟ್ಟವನು, ಅಲ್ಲಿವರೆಗೆ ಓದಿದ್ದೂ ತಮಿಳು. ಈ ಅಕ್ಷರ ಅಜ್ಜಿ ಕಲಿಸಿದ್ದು.

ನಡೆದದ್ದು ಇಷ್ಟೇ. ಕೆಳಗಿನ ಮನೆಯ ಚಂದ್ರಶೇಖರ್ ಸಾರ್ ತಿರುವೊಟ್ಟಿಯೂರಿಗೆ ಒಂದು ಮದುವೆಗೆ ಹೋಗಿದ್ದರು. ಛತ್ರದ ಪಕ್ಕದ ಬಯಲಲ್ಲಿ ನನ್ನನ್ನು ಕಂಡರು. ವಾಪಸು ಬಂದವರೇ ಮೆಟ್ಟಿಲ ಮೇಲೆ ನಿಮ್ಮನ್ನು ಹಿಡಿದು, "ಸಾರ್, ಉಂಗ ಪೈಯನ್ ಅಂಗೆ ತಟ್ಟು ಪೊರುಕ್ಕಿಟ್ಟಿರುಕ್ಕಾನ್" ಅಂದರು. ನಿಮ್ಮ ಹುಡುಗ ಅಲ್ಲಿ ತಟ್ಟೆ ಆರಿಸುತ್ತಿದ್ದಾನೆ ಅಂತ. ಅವರು ಸುಳ್ಳು ಹೇಳಲಿಲ್ಲ. ಮದುವೆಯನ್ನೂ ತಟ್ಟೆಯನ್ನೂ ಸೇರಿಸಿಕೊಂಡವರು ನೀವು. ಮದುವೆಯಲ್ಲಿ ಬಾಳೆ ಎಲೆ ಹಾಕುತ್ತಾರೆ, ತಟ್ಟೆ ಎಲ್ಲಿಂದ ಬಂತು ಅಂತ ಒಂದು ಸಲ ಯೋಚಿಸಬಾರದಿತ್ತಾ?

ಅದು ಊಟದ ತಟ್ಟೆಯಲ್ಲ, ಎಸೆಯುವ ಪ್ಲಾಸ್ಟಿಕ್ ತಟ್ಟೆ. ಆಟದ ಹೆಸರು ಡಿಸ್ಕ್ ಗಾಲ್ಫ್. ಗಾಲ್ಫ್ ಅಂದ ತಕ್ಷಣ ಹುಬ್ಬು ಏರಿಸಬೇಡಿ, ಇದರಲ್ಲಿ ಕೋಲೂ ಇಲ್ಲ, ಚೆಂಡೂ ಇಲ್ಲ. ಕಂಬಕ್ಕೆ ಕಬ್ಬಿಣದ ಬುಟ್ಟಿ, ಮೇಲಿಂದ ಸರಪಳಿ ಇಳಿಬಿಟ್ಟಿರುತ್ತದೆ. ತಟ್ಟೆ ಸರಪಳಿಗೆ ಬಡಿದು ಬುಟ್ಟಿಗೆ ಬೀಳಬೇಕು. ಕಡಿಮೆ ಎಸೆತದಲ್ಲಿ ಎಲ್ಲ ಬುಟ್ಟಿ ಮುಗಿಸಿದವರು ಗೆದ್ದ ಹಾಗೆ. ಕಮಲಾಕರ್ ಅಂತ ಒಬ್ಬ ಡ್ರಿಲ್ ಮಾಸ್ಟರ್, ನಮ್ಮ ಭಾಷೆಯವರೇ, ಹೊಸಬರಿಗೆಂದು ಈ ಸಣ್ಣ ಮೈದಾನ ಮಾಡಿದ್ದಾರೆ. ಸೈಕಲ್ ರಿಮ್ಮಿಗೆ ವೆಲ್ಡಿಂಗ್ ಮಾಡಿಸಿ ಬುಟ್ಟಿ ಕಟ್ಟಿದ್ದು ನಾವೇ. ಬುಟ್ಟಿಗಳೆಲ್ಲ ಹತ್ತಿರ ಹತ್ತಿರ. ಮೊದಲ ದಿನ ಬಂದವರೂ ಮುಖ ಸಣ್ಣದು ಮಾಡಿಕೊಂಡು ಹೋಗಬಾರದು ಅಂತ.

ನಾನು ಮೊದಲ ದಿನ ಎಸೆದದ್ದನ್ನು ಸಮುದ್ರದ ಗಾಳಿ ಎತ್ತಿಕೊಂಡು ಹೋಗಿ ಒಣಹಾಕಿದ್ದ ಮೀನಿನ ಬಲೆಗೆ ಹಾಕಿತು. ನನ್ನ ಬಾಯಿ ನಿಮಗೆ ಗೊತ್ತಲ್ಲ. ಗಾಳಿಗೆ, ಬಲೆಗೆ, ಮಾಸ್ಟರಿಗೆ, ಎಲ್ಲರಿಗೂ ಬೈದೆ. ಅವರು ನಕ್ಕು, "ಲೇ, ಬೈಯೋದು ಆಮೇಲೆ. ಎಲ್ಲಿ ಬಿತ್ತೋ ಅಲ್ಲಿ ಹೋಗಿ ನಿಂತ್ಕೊ. ಮುಂದಿಂದು ಅಲ್ಲಿಂದಲೇ ಎಸಿ" ಅಂದರು. ಆಟದ ನಿಯಮವೇ ಅದು. ಸ್ಕೂಲಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಮನೆಯಲ್ಲೂ ಇಲ್ಲ.

ಈಗ ಅಲ್ಲೇ ನನಗೆ ಕೆಲಸ. ಮುಳ್ಳು ಸವರುವುದು, ದಾರಿ ತಪ್ಪಿದ ತಟ್ಟೆ ಆರಿಸುವುದು, ಹೊಸಬರಿಗೆ ಕೈ ತಿರುಗಿಸುವುದು ಹೇಗೆ ಅಂತ ತೋರಿಸುವುದು.

ಅಜ್ಜಿ ಬಂದು ನೋಡಿದ್ದಾರೆ, ಗೊತ್ತಾ? ಹೋದ ಶುಕ್ರವಾರ ತಿರುವೊಟ್ಟಿಯೂರು ದೇವಸ್ಥಾನಕ್ಕೆ ಅಂತ ಹೋದವರು ಸೀದಾ ನನ್ನ ಹತ್ತಿರ ಬಂದರು. ಸೆರಗು ಸಿಕ್ಕಿಸಿ, ಮೊರದಲ್ಲಿ ಅಕ್ಕಿ ಕೇರುವ ಹಾಗೆ ಮಣಿಕಟ್ಟು ಆಡಿಸಿ ಎಸೆದರು. ಝಣ್ ಅಂತ ಬುಟ್ಟಿಗೆ ಬಿತ್ತು. "ಅಯ್ಯೋ, ಇದಕ್ಕಾ ನಿಮ್ಮಪ್ಪ ಎರಡು ದಿನ ಊಟ ಬಿಟ್ಟು ಕೂತಿದ್ದು?" ಅಂದರು. "ನೀವೇ ಅಪ್ಪನಿಗೆ ಹೇಳಿ ಅಜ್ಜಿ" ಅಂದೆ. "ನಾನ್ಯಾಕೆ ಹೇಳ್ಲಿ? ನಿನ್ನ ಬಾಯೇನು ಸಣ್ಣದಾ?"

ಇವತ್ತು ನಾಲ್ಕು ಗಂಟೆಗೆ ಅಲ್ಲಿ ಹೊಸಬರ ಜೋಡಿ ಆಟ. ಮನೆಯವರೊಬ್ಬರನ್ನು ಕರೆತರಬೇಕು. ಒಬ್ಬರು ಎಸೆದದ್ದು ಎಲ್ಲಿ ಬಿದ್ದಿದೆಯೋ ಅಲ್ಲಿಂದ ಇನ್ನೊಬ್ಬರು ಎಸೆಯಬೇಕು. ಅಜ್ಜಿಯನ್ನು ಕರೆದೆ. "ನಿಮ್ಮಪ್ಪನ ಜಾಗದಲ್ಲಿ ನಾನು ನಿಲ್ಲಲ್ಲ" ಅಂದುಬಿಟ್ಟರು.

ನೀವು ಬನ್ನಿ. ನೀವು ಎಸೆದದ್ದು ಮುಳ್ಳಿಗೆ ಬಿದ್ದರೆ ಅಲ್ಲಿಂದ ನಾನು ಎಸೆಯುತ್ತೇನೆ, ಒಂದು ಮಾತು ಆಡುವುದಿಲ್ಲ. ನಾನು ಹಾಳು ಮಾಡಿದ್ದನ್ನು ನೀವು ಎಸೆಯಿರಿ. ಬೈದುಕೊಂಡೇ ಎಸೆಯಿರಿ. ಕೊನೆಯವರಾಗಿ ಬಂದರೂ ಚಿಂತೆಯಿಲ್ಲ, ಬುಟ್ಟಿ ಎಲ್ಲೂ ಓಡಿಹೋಗುವುದಿಲ್ಲ.

ಬರದಿದ್ದರೆ ನಾನು ಅಲ್ಲೇ ಸಾಮಾನಿನ ಕೋಣೆಯಲ್ಲಿ ಉಳಿದುಬಿಡುತ್ತೇನೆ. ಮಾಸ್ಟರ್ ಒಪ್ಪಿದ್ದಾರೆ. ಹೆದರಿಸುತ್ತಿಲ್ಲ. ಒಂದೇ ಮನೆಯಲ್ಲಿ ಬೇರೆ ಕೂತು ಉಣ್ಣುವುದು ನನ್ನಿಂದ ಆಗುವುದಿಲ್ಲ, ಅಷ್ಟೇ. ಆದರೆ ಬರುತ್ತೀರಿ ಅಂತಲೇ ನನಗೆ ಅನ್ನಿಸುತ್ತಿದೆ. ನನ್ನ ಹೆಸರಿನ ಪಕ್ಕ ನಿಮ್ಮ ಹೆಸರನ್ನೂ ಹೇಳಿಬಿಟ್ಟಿದ್ದೇನೆ.

ಪ್ಯಾರಿಸ್ ಕಾರ್ನರಿನಲ್ಲಿ ಬಸ್ಸು ಬದಲಿಸಿ. ಪಂಚೆ ಬೇಡ, ಪ್ಯಾಂಟ್ ಹಾಕಿಕೊಳ್ಳಿ, ಮುಳ್ಳಿದೆ.

ಈಗ ನೀವು ಗೊರಕೆ ಹೊಡೆಯುತ್ತಿದ್ದೀರಿ. ಎಬ್ಬಿಸಿದರೆ ಮತ್ತೆ ಜಗಳ ಶುರು. ಕಾಗದವನ್ನು ನಿಮ್ಮ ಕನ್ನಡಕದ ಕೆಳಗೆ ಇಟ್ಟು, ಬಾಗಿಲನ್ನು ಬೇಕೆಂದೇ ಧಡಾರ್ ಅಂತ ಎಳೆದುಕೊಂಡು ಹೋಗುತ್ತಿದ್ದೇನೆ. ಆ ಸದ್ದಿಗೆ ನನಗೆ ಬೈಯುತ್ತಾ ಏಳುತ್ತೀರಿ. ಆಗ ಎರಡೂವರೆ ಆಗಿರುತ್ತದೆ. ಬಸ್ಸಿಗೆ ಬೇಕಾದಷ್ಟು ಹೊತ್ತಿರುತ್ತದೆ.

ನಿಮಗೆ ಒಳ್ಳೆಯ ಗಾಳಿ ಸಿಗಲಿ.

ನಿಮ್ಮ ಮಗ,
ಮುರಳೀಧರ