ರಾಜನಿಗೊಂದು ಮನೆ

ಸುಹೈಲಾ,

ಜಗಳವಾಗಿ ನೀನು ಸುರತ್ಕಲ್ಲಿನ ತವರಿಗೆ ಹೋದ ಮೇಲೆ ನಮ್ಮ ಚೆಸ್ ಹಲಗೆಯನ್ನು ಬಿಚ್ಚಿಲ್ಲ. ಇವತ್ತು ಅಂಗಡಿ ಮುಚ್ಚಿ ಶಕ್ತಿನಗರದ ಬಸ್ಸಿನಲ್ಲಿ ಬರುವಾಗ, ದಿನದ ಸುಸ್ತಿನಲ್ಲೇ, ಫೋನಿನಲ್ಲೊಂದು ಚೆಸ್ ಒಗಟು ಬಿಡಿಸಿದೆ. ಮೊದಲು ರಾಣಿಯನ್ನು ಬಿಟ್ಟುಕೊಟ್ಟೆ. ಎದುರಾಳಿಗೆ ಅವಳನ್ನು ಹೊಡೆಯದೆ ಗತಿಯಿರಲಿಲ್ಲ. ಆಮೇಲೆ ಕುದುರೆ ನಡೆಸಿದೆ, ಚೆಕ್‌ಮೇಟ್. ಸುತ್ತ ತನ್ನವರೇ ನಿಂತಿದ್ದ ರಾಜನಿಗೆ ಸರಿಯಲು ಒಂದು ಮನೆಯೂ ಇರಲಿಲ್ಲ.

“ಅವನಿಗೆ ಹೋಗ್ಲಿಕ್ಕೆ ಒಂದು ಮನೆಯಾದ್ರೂ ಬಿಡಿ ಮಾರಾಯ್ರೇ,” ಎಂದು ಆಡುವಾಗಲೆಲ್ಲ ನೀನು ಹೇಳುತ್ತಿದ್ದೆ. ನನಗೆ ನಗು ಬರುತ್ತಿತ್ತು.

ಪಕ್ಕದ ಸೀಟಿನ ಹಿರಿಯರು ಫೋನಿಗೆ ಇಣುಕಿದರು.

“ಭಾರೀ ಲಾಯ್ಕ ಆಡ್ತೀರಿ. ಮನೆಯಲ್ಲಿ ಯಾರೊಟ್ಟಿಗೆ ಆಡುದು?”

“ಹೆಂಡತಿಯೊಟ್ಟಿಗೆ,” ಎಂದೆ.

“ಗೆಲ್ಲುದು ಯಾರು?”

“ಯಾವಾಗಲೂ ನಾನೇ.”